ಗಾಜಿನ ಬುಡ್ಡಿಯ ತಂಬಿಟ್ಟು

“ಎರಡೂ ಕೈಲಿ ಹಿಡಿಯೇ! ಬಿತ್ತು ಅಂದ್ರೆ ಪಪ್ಪಾ ಊಟ ಬಿಟ್ಟು ಕೂತ್ಕೋತಾರೆ,” ಎಂದಳು ಮಾನ್ಯಾ.

ನಾಗವೇಣಿ ಎರಡೂ ಕೈಯಲ್ಲಿ ಹಿಡಿದಳು. ನೀಲಿ ಗಾಜು ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಮಳೆ ನಿಂತು ಆಗಷ್ಟೇ ಬಿಸಿಲು ಬಿದ್ದಿತ್ತು. ಅವಳು ಗಾಜನ್ನು ಕಿಟಕಿಯತ್ತ ಎತ್ತಿದಳು. ಅವಳ ಅಂಗೈ, ಬಳೆ, ಯೂನಿಫಾರ್ಮಿನ ಬಿಳಿ ತೋಳು ಎಲ್ಲ ನೀಲಿಯಾದವು.

“ಇಂಕ್ ಚೆಲ್ಲಿದಂಗ ಆಗ್ಯದ,” ಎಂದಳು ಮೆಲ್ಲಗೆ.

ಅದು ಡೊಂಬಿವಲಿಯಲ್ಲಿ ಮಾನ್ಯಾಳ ಮನೆ. ನಾಗವೇಣಿಯ ಅವ್ವ ಪದ್ಮಾವತಿ ಅಲ್ಲಿ ಅಡುಗೆ ಮಾಡುತ್ತಾಳೆ. ಶನಿವಾರ ಶಾಲೆ ಬೇಗ ಬಿಡುತ್ತದೆ. ಅವತ್ತು ನಾಗವೇಣಿಯೂ ಕಲ್ಯಾಣದಿಂದ ಲೋಕಲ್ ಹತ್ತಿ ಅವ್ವನ ಜೊತೆ ಬರುತ್ತಾಳೆ. ಅವಳು ಬರುವುದು ಮಾನ್ಯಾಳ ಸೈಕಲ್ಲಿಗಾಗಿ ಅಲ್ಲ, ಟೀವಿಗಾಗಿಯೂ ಅಲ್ಲ. ಗೋಡೆಯುದ್ದಕ್ಕೂ ನಿಂತಿರುವ ಆ ಕಪಾಟಿಗಾಗಿ.

ಕಪಾಟಿನ ತುಂಬ ಗಾಜಿನ ಪುಟ್ಟ ಪುಟ್ಟ ಟೋಪಿಗಳು. ಹಸಿರು, ತಿಳಿನೀಲಿ, ಚಹಾದ ಬಣ್ಣ, ನೀರಿನ ಬಣ್ಣ. ಮಾನ್ಯಾಳ ಅಪ್ಪ ಚಂದ್ರಶೇಖರ ಅವುಗಳನ್ನು ಇನ್ಸುಲೇಟರ್ ಅನ್ನುತ್ತಾರೆ. ಹಿಂದೆ ತಂತಿ ಕಂಬಗಳ ಮೇಲೆ ಇವು ಕೂರುತ್ತಿದ್ದವಂತೆ. ತಂತಿಯನ್ನು ಇವುಗಳ ಕುತ್ತಿಗೆಗೆ ಕಟ್ಟುತ್ತಿದ್ದರಂತೆ. ಎಷ್ಟೇ ಮಳೆ ಬರಲಿ, ತಂತಿಯ ಕರೆಂಟು ಕಂಬಕ್ಕೆ ಇಳಿಯದಂತೆ ಇವು ತಡೆಯುತ್ತಿದ್ದವಂತೆ.

ನಾಗವೇಣಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ನೀಲಿ. ರಾತ್ರಿ ಕಣ್ಣು ಮುಚ್ಚಿದರೂ ಅದೇ ಕಾಣುತ್ತಿತ್ತು. ಅದಕ್ಕೇ ಅವಳು ಇವತ್ತು ಸ್ಕೂಲ್ ಬ್ಯಾಗಿನಲ್ಲಿ ಒಂದು ವಸ್ತುವನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು.

“ಅಂಕಲ್,” ಎಂದಳು. “ನನ್ನ ಕಡೇನೂ ಒಂದದ.”

ಚಂದ್ರಶೇಖರ ಪೇಪರಿನಿಂದ ತಲೆ ಎತ್ತಿದರು. ಟವೆಲು ಬಿಚ್ಚಿದ್ದೇ ತಡ, ಅವರ ಕನ್ನಡಕ ಹಣೆಗೆ ಏರಿತು. ಪೇಪರು ನೆಲಕ್ಕೆ ಬಿತ್ತು.

“ಎಲ್ಲಿ ಸಿಕ್ಕಿತೇ ನಿನಗೆ ಇದು?”

“ನಮ್ಮ ಮನ್ಯಾಗಿತ್ತು. ನಮ್ಮ ಮಾಪಣ್ಣಜ್ಜ ವಾಡಿ ಕಡೆ ರೈಲ್ವೆ ತಂತಿ ಕೆಲಸ ಮಾಡ್ತಿದ್ದ. ಅವನೇ ತಂದಿದ್ದಂತ.”

ತಿಳಿ ಹಸಿರು ಗಾಜು. ಅದರೊಳಗೆ ಜೇನು ಸುರಿದಂತೆ ಒಂದು ಕಂದು ಗೆರೆ ಮೇಲಿನಿಂದ ಕೆಳಗೆ ಸುತ್ತಿಕೊಂಡು ಇಳಿದಿತ್ತು. ಚಂದ್ರಶೇಖರ ಅದನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು.

“ಪಪ್ಪಾ ಕಾ ಲೆಕ್ಚರ್ ಶುರು,” ಎಂದಳು ಮಾನ್ಯಾ, ಸೋಫಾದ ಮೇಲೆ ಬೋರಲು ಮಲಗುತ್ತ.

“ಶುರುವೇ! ಇಲ್ಲಿ ನೋಡಿ ಇಬ್ಬರೂ. ಈ ಪಕ್ಕದ ಗೆರೆ ಕಾಣ್ತಾ? ಅಚ್ಚು ಎರಡು ಹೋಳು. ಅವು ಕೂಡಿದ ಜಾಗ ಇದು. ತಲೆ ಮೇಲೆ ಸಣ್ಣ ನಕ್ಷತ್ರ ಇದೆ ನೋಡಿ. ನಕ್ಷತ್ರದ ಅಚ್ಚಿನವು ನನ್ನ ಹತ್ರ ಮೂರಿವೆ, ಮೂರೂ ಬರೀ ಹಸಿರು. ಆದರೆ ಇದು...” ಅವರು ಜೇನುಗೆರೆಯ ಮೇಲೆ ಬೆರಳಾಡಿಸಿದರು. “ಕುಲುಮೆಯಲ್ಲಿ ಹಿಂದಿನ ದಿನದ ಕಂದು ಗಾಜು ಸ್ವಲ್ಪ ಉಳಿದಿತ್ತು ಅಂತ ಕಾಣುತ್ತೆ. ಅದರ ಮೇಲೇ ಹಸಿರು ಗಾಜು ಕಾಯಿಸಿದ್ದಾರೆ. ಎರಡೂ ಪೂರ್ತಿ ಬೆರೆಯೋ ಮುಂಚೆ ಅಚ್ಚಿಗೆ ಹಾಕಿಬಿಟ್ಟಿದ್ದಾರೆ. ಇಂಥದ್ದನ್ನ ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ.”

ನಾಗವೇಣಿ ನೀಲಿ ಗಾಜಿನತ್ತ ಬೆರಳು ತೋರಿದಳು. “ಅಂಕಲ್, ಇದನ್ನ ಇಟ್ಕೊಂಡು ನನಗ ಆ ನೀಲಿ ಕೊಡ್ತೀರಿ? ಎಕ್ಸ್‌ಚೇಂಜ್.”

“ನೀಲಿ ಯಾಕೆ, ಇನ್ನೊಂದು ಕೂಡ ಆರಿಸ್ಕೋ. ಮನೇಲಿ ಅಜ್ಜಿಗೆ ಹೇಳಿ ತಂದಿದ್ದೀಯಾ ತಾನೇ?”

ನಾಗವೇಣಿ ತಲೆ ಆಡಿಸಿದಳು. ಹೌದು ಅನ್ನುವ ಹಾಗೆ.

ಹೇಳಿರಲಿಲ್ಲ. ನಾಳೆ ನಾಗರ ಪಂಚಮಿ. ವರ್ಷವಿಡೀ ಅಟ್ಟದ ಡಬ್ಬಿಯಲ್ಲಿ ಮಲಗಿರುವ ಈ ಗಾಜನ್ನು ಅಜ್ಜಿ ಇವತ್ತು ಸಂಜೆ ಹೊರಗೆ ತೆಗೆಯುತ್ತಾಳೆ. ಅಜ್ಜಿಗೆ ಇದು ಇನ್ಸುಲೇಟರ್ ಅಲ್ಲ, ಬುಡ್ಡಿ. ತಂಬಿಟ್ಟಿನ ಬುಡ್ಡಿ. ‘ಒಂದು ವರ್ಷ ಕೈಯಾಗೇ ಉಂಡಿ ಕಟ್ಟಲಿ, ಏನಾಗ್ತದ?’ ಎಂದುಕೊಂಡೇ ನಾಗವೇಣಿ ಬೆಳಿಗ್ಗೆ ಅದನ್ನು ಬ್ಯಾಗಿಗೆ ಹಾಕಿದ್ದಳು. ಹಾಕುವ ಮುಂಚೆ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ ಫಳಫಳ ಮಾಡಿದ್ದಳು.

ಚಂದ್ರಶೇಖರ ನೀಲಿ ಗಾಜನ್ನು ಪೇಪರಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು. ಆಮೇಲೆ ಹಸಿರು ಗಾಜನ್ನು ಬೋರಲು ಮಾಡಿ, ಮೊಬೈಲಿನ ಟಾರ್ಚ್ ಹಚ್ಚಿದರು.

“ಒಳಗೆ ಸ್ಕ್ರೂ ಥರ ಸುತ್ತುಗಳಿವೆಯಲ್ಲ, ಇವು ಹೇಗೆ ಬಂದವು ಗೊತ್ತಾ? ಕಂಬದ ಗೂಟಕ್ಕೆ ತಿರುಗಿಸಿ ಕೂರಿಸೋಕೆ ಈ ಸುತ್ತು ಬೇಕು. ಗಾಜು ಇನ್ನೂ ಕೆಂಪಗೆ ಮೆತ್ತಗಿರುವಾಗ ಒಂದು ಕಬ್ಬಿಣದ ಸ್ಕ್ರೂ ಒಳಗೆ ಒತ್ತುತ್ತಿದ್ದರು. ಆಮೇಲೆ ಅದನ್ನ ತಿರುಗಿಸಿ ತಿರುಗಿಸಿ ಹೊರಗೆ ತೆಗೀಬೇಕು. ಅವಸರ ಮಾಡಿದರೆ ಸುತ್ತು ಕಲಸಿಹೋಗುತ್ತೆ. ತಡ ಮಾಡಿದರೆ ಕಬ್ಬಿಣ ಅಲ್ಲೇ ಕಚ್ಚಿಕೊಳ್ಳುತ್ತೆ. ಸರಿಯಾದ ಹೊತ್ತು ಗಾಜು ಮಾಡೋನ ಕೈಗೇ ಗೊತ್ತು. ಬೆರಳು ಹಾಕಿ ನೋಡು. ಎರಡನೇ ಸುತ್ತಿನಲ್ಲಿ ಒಂದು ಸಣ್ಣ ಮೆಟ್ಟಿಲು ಸಿಗುತ್ತೆ.”

ನಾಗವೇಣಿ ಬೆರಳು ಹಾಕಿದಳು. ಸಿಕ್ಕಿತು. ಅಕ್ಕಿ ಕಾಳಿನಷ್ಟು.

“ಅಲ್ಲಿ ಅವನ ಕೈ ಒಂದು ಕ್ಷಣ ನಿಂತಿದೆ,” ಎಂದರು ಚಂದ್ರಶೇಖರ. ದೇವರ ಕೋಣೆಯಲ್ಲಿ ಮಾತಾಡುವ ಹಾಗೆ ದನಿ ಸಣ್ಣದಾಗಿತ್ತು. “ಯಾರೋ ಏನೋ. ಹೆಸರಿಲ್ಲ, ಊರಿಲ್ಲ. ಕೈ ನಿಂತದ್ದು ಮಾತ್ರ ಉಳಿದಿದೆ.”

ನಾಗವೇಣಿಯ ಬೆರಳು ಅಲ್ಲೇ ಇತ್ತು. ಅವಳಿಗೆ ಅಜ್ಜಿಯ ಕೈ ಕಾಣುತ್ತಿತ್ತು.

“ನಮ್ಮ ಅಜ್ಜೀನೂ ಹಂಗೇ ತಿರುವತಾಳ್ರಿ,” ಎಂದಳು.

“ಏನನ್ನ?”

“ತಂಬಿಟ್ಟು. ಬುಡ್ಡಿ ಒಳಗ ತುಪ್ಪ ಸವರಿ, ಹಿಟ್ಟು ಬೆಲ್ಲ ಗಿಡದು ತುಂಬ್ತಾಳ. ಆಮ್ಯಾಲ ತಿರುವಿ ತಿರುವಿ ತೆಗೀತಾಳ. ಮೈತುಂಬ ಸುತ್ತು ಇರ್ತಾವ. ನಮ್ಮ ಚಾಳಿನ ಹುಡುಗ್ರು ಅದಕ್ಕ ನಟ್-ಬೋಲ್ಟ್ ಲಾಡು ಅಂತಾರ.”

“ನಟ್-ಬೋಲ್ಟ್ ಲಾಡು!” ಮಾನ್ಯಾ ಸೋಫಾದಿಂದ ಜಿಗಿದೇಬಿಟ್ಟಳು. “ಸಚ್ಚಿ? ತಿನ್ನೋದು?”

ಚಂದ್ರಶೇಖರ ಎದ್ದರು. ಟೂತ್‌ಪಿಕ್ ತಂದು ಗಾಜಿನ ಒಳಗಿನ ಸಂದಿಯನ್ನು ಮೆಲ್ಲಗೆ ಕೆದಕಿದರು. ಬ್ರಶ್‌ಗೆ ಸಿಗದ ಒಂದು ಕಣ ಬಂತು. ಮೂಸಿ ನೋಡಿ ನಾಗವೇಣಿಯ ಮೂಗಿನ ಹತ್ತಿರ ಹಿಡಿದರು.

ಏಲಕ್ಕಿ. ಹೋದ ವರ್ಷದ್ದು.

ನಾಗವೇಣಿ ಕೈಯಲ್ಲಿದ್ದ ಪೇಪರಿನ ಪೊಟ್ಟಣವನ್ನು ನೋಡಿದಳು. ಅದನ್ನು ಮೇಜಿನ ಮೇಲಿಟ್ಟಳು.

“ಅಂಕಲ್, ನಾ ಅಜ್ಜಿಗಿ ಹೇಳಿಲ್ಲ. ಹೇಳದ ತಂದೀನಿ.”

ಮಾನ್ಯಾ ಬಾಯಿ ತೆರೆದಳು. ಅಪ್ಪ ಅವಳತ್ತ ನೋಡಿದ್ದಕ್ಕೆ ಮುಚ್ಚಿದಳು.

“ಅಜ್ಜಿ ಯಾವಾಗ ಮಾಡ್ತಾರೆ ತಂಬಿಟ್ಟು?”

“ಇವತ್ತೇ. ಈಗ ಹುಡುಕ್ಲಿಕತ್ತಿರಬೇಕು.”

ಚಂದ್ರಶೇಖರ ಗಾಜನ್ನು ಇನ್ನೊಂದು ಸಲ ಬಿಸಿಲಿಗೆ ಹಿಡಿದರು. ಗೋಡೆಯ ಮೇಲೆ ಹಸಿರು ಬೆಳಕು, ಅದರ ನಡುವೆ ಜೇನಿನ ಗೆರೆ. ಆಮೇಲೆ ತಾವೇ ಟವೆಲಿನಲ್ಲಿ ಬಿಗಿಯಾಗಿ ಸುತ್ತಿ ಅವಳ ಬ್ಯಾಗಿಗೆ ಇಟ್ಟರು.

“ಪದ್ಮಾವತಿಯವರೇ,” ಎಂದು ಅಡುಗೆಮನೆಯತ್ತ ಕೂಗಿದರು. “ಚಪಾತಿ ನಾವೇ ಮಾಡ್ಕೋತೀವಿ. ನೀವು ಮುಂಚಿನ ಲೋಕಲ್ ಹಿಡೀರಿ.”

ಲೋಕಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಗವೇಣಿ ಬ್ಯಾಗನ್ನು ಎದೆಗೆ ಒತ್ತಿ ಹಿಡಿದು ನಿಂತಳು. ಠಾಕುರ್ಲಿ ಬರುವ ಹೊತ್ತಿಗೆ ಅವ್ವನಿಗೆ ಎಲ್ಲ ಹೇಳಿಯಾಗಿತ್ತು. ಅವ್ವ ಬೈಯಲಿಲ್ಲ. “ಅಜ್ಜಿಗಿ ನೀನೇ ಹೇಳಬೇಕು,” ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅಂತ ನಾಗವೇಣಿಗೆ ಅನ್ನಿಸಿತು.

ಮನೆಯಲ್ಲಿ ಅಜ್ಜಿ ಮರಗಮ್ಮ ನೆಲದ ಮೇಲೆ ಕೂತಿದ್ದಳು. ಅಟ್ಟದ ಡಬ್ಬಿಗಳೆಲ್ಲ ಕೆಳಗಿಳಿದಿದ್ದವು. ಅಗಲ ಪರಾತದಲ್ಲಿ ಕಲಸಿದ ತಂಬಿಟ್ಟಿನ ಹಿಟ್ಟು, ಮೇಲೆ ಒದ್ದೆ ಬಟ್ಟೆ.

“ಬುಡ್ಡಿ ಎಲ್ಲಿ ಹೋತೋ ಏನೋ ನಮ್ಮವ್ವಾ,” ಎಂದಳು ಅಜ್ಜಿ. “ನಿಮ್ಮಜ್ಜ ತಂದು ಕೊಟ್ಟಾಗಿಂದ ಒಂದು ಪಂಚಮಿ ತಪ್ಪಿಲ್ಲ. ‘ಕಂಬದ ಮ್ಯಾಲೆ ದುಡದು ಬಂದದ, ಮನ್ಯಾಗ ಖಾಲಿ ಕುಂದ್ರಬಾರದು ನೋಡು’ ಅಂದಿದ್ದ.”

ನಾಗವೇಣಿ ಟವೆಲು ಬಿಚ್ಚಿ ಅಜ್ಜಿಯ ಮುಂದಿಟ್ಟಳು. “ನಾನೇ ಒಯ್ದಿದ್ದೆ ಅಜ್ಜಿ. ನೀಲಿ ಗಾಜು ಬೇಕಂತ ಕೊಟ್ಟೂ ಬಿಟ್ಟಿದ್ದೆ. ಮತ್ತ ತಗೊಂಡು ಬಂದೆ.”

ಅಜ್ಜಿ ಬುಡ್ಡಿಯೊಳಗೆ ಬೆರಳು ಹಾಕಿದಳು. ಎಲ್ಲೂ ಒಡೆದಿಲ್ಲ ಅಂತ ಸವರಿ ಖಾತ್ರಿ ಮಾಡಿಕೊಂಡಳು. ಆಮೇಲೆ ಅಂಗೈಯಲ್ಲಿಟ್ಟು ತಿರುವಿ ನೋಡಿದಳು.

“ಇಷ್ಟು ಹೊಳೀಲಿಕತ್ತದಲ್ಲ. ಯಾತರಲೇ ತಿಕ್ಕಿದಿ?”

“ಬ್ರಶ್‌ಲೇ.”

“ಹಲ್ಲಿಂದಾ?” ಅಜ್ಜಿಯ ಹುಬ್ಬು ಮೇಲೇರಿತು. “ಅಯ್ ನನ್ನ ಶಿವನ! ನಾಗಪ್ಪಗ ಕೋಲ್ಗೇಟ್ ತಂಬಿಟ್ಟು ಎಡಿ ಹಿಡೀಬೇಕೇನು? ಹೋಗು, ಬಿಸಿನೀರಾಗ ತೊಳಕೊಂಡು ಬಾ.”

ಅವ್ವ ಬಾಗಿಲ ಹತ್ತಿರ ಸೆರಗು ಬಾಯಿಗೆ ಹಿಡಿದು ನಕ್ಕಳು.

ತೊಳೆದು ತಂದ ಮೇಲೆ ಅಜ್ಜಿ ತುಪ್ಪದ ಬಟ್ಟಲನ್ನು ನಾಗವೇಣಿಯತ್ತ ತಳ್ಳಿದಳು. “ಈ ಸಲ ನೀನೇ ತಿರುವು.”

ನಾಗವೇಣಿ ತುಪ್ಪ ಸವರಿದಳು. ಹಿಟ್ಟು ಒತ್ತಿ ಗಿಡಿದಳು. ಹಿಡಿದು ತಿರುವಲು ಬುಡ್ಡಿಯ ಬಾಯಿಂದ ಹೊರಗೆ ಹಿಟ್ಟಿನದೊಂದು ತಲೆ ಬಿಟ್ಟಳು. ತಿರುವಿದಳು. ತಲೆ ಮಾತ್ರ ಕೈಗೆ ಬಂತು, ಮೈ ಒಳಗೇ ಉಳಿಯಿತು.

“ಅವಸರ,” ಎಂದಳು ಅಜ್ಜಿ.

ಎರಡನೆಯದು ಗಟ್ಟಿಯಾಗಿ ಕಚ್ಚಿಕೊಂಡಿತು. ಚಮಚದ ಹಿಡಿಯಿಂದ ತೋಡಿ ತೆಗೆಯಬೇಕಾಯಿತು.

“ತಡ.”

ಮೂರನೆಯ ಸಲ ಅಜ್ಜಿ ಬಾಯಿ ಬಿಡಲಿಲ್ಲ. ನಾಗವೇಣಿ ತುಸು ಕಾದಳು. ಬೆರಳ ಕೆಳಗೆ ಹಿಟ್ಟು ಸಡಿಲಾದ ಹಾಗನ್ನಿಸಿತು. ತಿರುವಿದಳು. ಅದು ಬಂತು. ಸುತ್ತು ಸುತ್ತಾಗಿ, ಇಡಿಯಾಗಿ, ತುಪ್ಪದಲ್ಲಿ ಮಿನುಗುತ್ತ.

“ಇದು ಡೊಂಬಿವಲಿ ಅಂಕಲ್‌ಗೆ,” ಎಂದಳು.

“ಕೊಡು. ಆದ್ರ ಕಪಾಟಿನಾಗ ಇಟ್ಟಾರು ನಮ್ಮವ್ವಾ. ಇರಿವಿ ಮುಕರ್ತಾವ ಅಂತ ಹೇಳು.”

ನಾಗವೇಣಿ ನಗುತ್ತ ತಂಬಿಟ್ಟನ್ನು ಬಲ್ಬಿನ ಬೆಳಕಿಗೆ ಹಿಡಿದಳು. ಗಾಜಿನ ಹಾಗೆ ಬೆಳಕು ಅದರೊಳಗಿಂದ ಹಾಯಲಿಲ್ಲ. ಅವಳು ಒಂದೊಂದೇ ಸುತ್ತಿನ ಮೇಲೆ ಬೆರಳು ಜಾರಿಸಿದಳು. ಎರಡನೇ ಸುತ್ತಿನಲ್ಲಿ ಬೆರಳು ತಡೆದು ನಿಂತಿತು.

ಅಕ್ಕಿ ಕಾಳಿನಷ್ಟು ಒಂದು ಮೆಟ್ಟಿಲು.

ಹೋದ ವರ್ಷದ ತಂಬಿಟ್ಟಿನಲ್ಲೂ ಅದು ಇದ್ದಿರಬೇಕು, ಅದರ ಹಿಂದಿನ ವರ್ಷದ್ದರಲ್ಲೂ. ನಾಗವೇಣಿ ಕಣ್ಣು ಮುಚ್ಚಿ ಬೆರಳನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟಳು. ಆಮೇಲೆ ಬುಡ್ಡಿಗೆ ಮತ್ತೆ ತುಪ್ಪ ಸವರಿದಳು.