ಹದಿನಾಲ್ಕು ಕ್ಯಾರೆಟ್ಟಿನ ತಾಳಿ

"ನೋಡಿ, ಸರ್ಕಾರದ ಕೈ ಹೆಣ್ಣುಮಕ್ಕಳ ಒಡವೆ ಪೆಟ್ಟಿಗೆಗೂ ಬಂತು."

ಜಯನಗರದ ಪಾರ್ಕಿನ ರೇಡಿಯೋದಲ್ಲಿ ಸಂಜೆಯ ವಾರ್ತೆ ಆಗತಾನೇ ಮುಗಿದಿತ್ತು. ಅರವತ್ತಮೂರನೇ ಇಸವಿಯ ಜನವರಿ. ಇನ್ನು ಮೇಲೆ ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡುವಂತಿಲ್ಲವಂತೆ. ಕಲ್ಲುಬೆಂಚಿನ ಪಿಂಚಣಿದಾರರ ನಡುವೆ ನಿಂತು ಗುಡುಗುತ್ತಿದ್ದವನು ಅನಂತರಾಮು. ಕೋರ್ಟಿನಲ್ಲಿ ಕಿರಿಯ ವಕೀಲ, ವಾರಪತ್ರಿಕೆಯೊಂದರಲ್ಲಿ ಸರ್ಕಾರಕ್ಕೆ ಬುದ್ಧಿ ಹೇಳುವ ಅಂಕಣಕಾರ.

"ಚೀನಾ ಯುದ್ಧ ಬಂದಾಗ ರಕ್ಷಣಾ ನಿಧಿಗೆ ನಾನು ಚಿನ್ನದ ಬಳೆ ಬಿಚ್ಚಿ ಕೊಟ್ಟೆ. ನೀವೇನು ಕೊಟ್ರಿ ಸಾರ್?"

ತಂದೆ ಗಂಗಾಧರಯ್ಯನವರನ್ನು ಕರೆದೊಯ್ಯಲು ಬಂದಿದ್ದ ಚೂಡಾಮಣಿಯ ದನಿ ಅದು. ಪ್ರೈಮರಿ ಸ್ಕೂಲಿನ ಮೇಡಂ. ಎಲ್ಲರೂ ತಿರುಗಿ ನೋಡಿದರು.

ಅನಂತರಾಮು ಅವಳ ಕೈಯ ಗಾಜಿನ ಬಳೆಗಳನ್ನು ನೋಡಿದ. ದನಿ ತಾನಾಗಿಯೇ ಇಳಿಯಿತು.

"ಏನೂ ಕೊಡ್ಲಿಲ್ಲ, ಮೇಡಂ. ನಿಮಗೆ ಕೈ ಮುಗೀತೀನಿ. ಆದ್ರೆ ನೀವಾಗಿ ಕೊಡೋದು ಬೇರೆ, ಅವರು ಅಪ್ಪಣೆ ಮಾಡೋದು ಬೇರೆ."

'ಈ ಮನುಷ್ಯ ಸೋತೂ ಗೆಲ್ಲುತ್ತಾನಲ್ಲ...' ಎಂದು ಅವಳಿಗೆ ಸಿಟ್ಟು ಬಂತು. ಮರುದಿನ ತಂದೆಗಿಂತ ಮೊದಲೇ ಪಾರ್ಕಿಗೆ ಹೊರಟಿದ್ದಳು.

ಆಮೇಲೆ ದಿನಾ ಜಗಳ. ಜನ ತಲೆಮಾರುಗಳಿಂದ ಉಳಿಸಿಕೊಂಡು ಬಂದದ್ದನ್ನು ಒಂದೇ ಆಜ್ಞೆಯಲ್ಲಿ ಅಳಿಸಬಾರದು ಎಂದು ಅವನು. ದೇಶವೇ ಕಷ್ಟದಲ್ಲಿರುವಾಗ ಪೆಟ್ಟಿಗೆ ಕಾಯುತ್ತ ಕೂರುವುದು ಯಾವ ಸಂಪ್ರದಾಯ ಎಂದು ಅವಳು. ಜಗಳ ಪ್ರೀತಿಯಾದದ್ದು ಅವರಿಬ್ಬರಿಗೂ ಗೊತ್ತಾಗಲಿಲ್ಲ. ಕಲ್ಲುಬೆಂಚಿಗೆ ಮಾತ್ರ ಮೊದಲೇ ಗೊತ್ತಿತ್ತು. ಗಂಗಾಧರಯ್ಯನವರೇ ಹೋಗಿ ಅವನ ತಾಯಿ ಸೀತಮ್ಮನವರ ಹತ್ತಿರ ಮಾತಾಡಿದರು. ವೈಶಾಖಕ್ಕೆ ಲಗ್ನ ನಿಶ್ಚಯವಾಯಿತು.

ಅಷ್ಟರಲ್ಲಿ ಆ ವಾರದ ಅಂಕಣ ಬಂತು. ಅದರ ಕೊನೆಯ ಸಾಲು ಹೀಗಿತ್ತು: 'ಹದಿನಾಲ್ಕು ಕ್ಯಾರೆಟ್ಟಿನ ತಾಳಿಯನ್ನು ಮಾನವಂತನಾದ ಯಾವ ವರನೂ ಕಟ್ಟಬಾರದು. ನಾನಂತೂ ಕಟ್ಟೆನು.'

ಚೂಡಾಮಣಿ ಆ ಸಾಲನ್ನು ಎರಡೆರಡು ಸಲ ಓದಿದಳು. ಹೊಸ ತಾಳಿ ಮಾಡಿಸಿದರೆ ಹದಿನಾಲ್ಕು ಕ್ಯಾರೆಟ್ಟಿನದೇ ಆಗಬೇಕು. ಹುಡುಗ ಜಾರಿಕೊಳ್ಳಲು ದಾರಿ ಹುಡುಕಿದ್ದಾನೆ ಎಂದು ಮನೆಯಲ್ಲೇ ಇದ್ದ ಸೋದರತ್ತೆ ಅಮ್ಮಣ್ಣಿ ರಾಗ ಎಳೆದರು. ಪೇಟೆಯಲ್ಲಿ ಗುಟ್ಟಾಗಿ ಅಪ್ಪಟ ಚಿನ್ನದಲ್ಲೇ ಮಾಡಿಸೋಣವೆಂದು ಗಂಗಾಧರಯ್ಯನವರು ಹೇಳಿಕಳಿಸಿದರೆ, ಅದಕ್ಕೂ ಅವನು ಒಲ್ಲೆ ಎಂದ. ಕಾನೂನನ್ನು ಬೈಯುತ್ತೇನೆಯೇ ಹೊರತು ಕದ್ದು ಮುರಿಯುವುದಿಲ್ಲ ಎಂದನಂತೆ.

ಅದೂ ಬೇಡ, ಇದೂ ಬೇಡ. ಹಾಗಾದರೆ ನಾನೇ ಬೇಡ... ಊರಿಗೆಲ್ಲ ಹೇಳಿದವನು ನನಗೊಬ್ಬಳಿಗೆ ಹೇಳಲಿಲ್ಲವಲ್ಲ ಎಂದು ಅವಳು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಳು. ಪಾರ್ಕಿಗೆ ಹೋಗುವುದನ್ನೇ ಬಿಟ್ಟಳು.

ಭಾನುವಾರ ಬೆಳಿಗ್ಗೆ ಅನಂತರಾಮು ಅವಳ ಮನೆಯ ಬಾಗಿಲಲ್ಲಿ ನಿಂತಿದ್ದ. ಮುಖ ಬಾಡಿತ್ತು.

"ಬರೆಯೋ ಭರದಲ್ಲಿ ನಾನೇ ಮದುವೆ ಗಂಡು ಅನ್ನೋದು ಮರೆತೇ ಹೋಯ್ತು. ತಪ್ಪು ನಂದೇ. ಮುಂದಿನ ವಾರ ಆ ಮಾತು ವಾಪಸ್ ತಗೋತೀನಿ. ಯಾವ ತಾಳಿ ಆದ್ರೂ ಸರಿ... ನೀವು ಮಾತ್ರ ಬೇಡ ಅನ್ಬೇಡಿ."

ಅವಳು ಅವನನ್ನೇ ನೋಡಿದಳು. ನಂಬಿದ್ದನ್ನು ಯಾರ ಮುಂದೆಯೂ ಬಿಟ್ಟುಕೊಡದವನು ಅವಳಿಗಾಗಿ ಬಿಡಲು ಬಂದಿದ್ದ. ಅಷ್ಟು ಸಾಕಾಗಿತ್ತು ಅವಳಿಗೆ. ಅಡುಗೆಮನೆಗೆ ಹೋದವಳು ಅಂಗೈಯಲ್ಲಿ ಒಂದು ಅರಿಶಿನದ ಕೊಂಬು ಹಿಡಿದು ಬಂದಳು.

"ನಮ್ಮಜ್ಜಿಗೆ ತಾಳಿ ಅಂತ ದಾರದಲ್ಲಿ ಕಟ್ಟಿದ್ದು ಇಂಥದ್ದನ್ನೇ. ಇದಕ್ಕೆ ಕ್ಯಾರೆಟ್ ಇಲ್ಲ. ಕಾನೂನೂ ಮುರಿಯಲ್ಲ, ನಿಮ್ಮ ಮಾತೂ ಮುರಿಯಲ್ಲ."

ಒಳಗೆ ಅಮ್ಮಣ್ಣಿ ಕೆಮ್ಮಿದರು. ಅನಂತರಾಮು ಎರಡೂ ಕೈ ಚಾಚಿ ಕೊಂಬನ್ನು ತೆಗೆದುಕೊಂಡ. ಕಣ್ಣು ತುಂಬಿದ್ದನ್ನು ಮುಚ್ಚಿಡಲು ಹೋಗಲಿಲ್ಲ.

"ಇನ್ಮೇಲೆ ಬರೆದಿದ್ದನ್ನ ಮೊದಲು ನಿಮಗೇ ತೋರಿಸ್ತೀನಿ."

"ತೋರಿಸಿ. ಆದ್ರೆ ನಾನು ಒಪ್ಪಲ್ಲ."

"ಒಪ್ಪಬೇಡಿ... ಪಕ್ಕದಲ್ಲೇ ಇದ್ದು ಒಪ್ಪಬೇಡಿ."