ಹಿಂದಿನ ಸೀಟು

ನಗುವವರು ನಗಲಿ, ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ೨೦೦೩ರ ಮೇ ತಿಂಗಳು, ಚೆನ್ನೈ ಕಾದ ಹೆಂಚಾಗಿತ್ತು. ಅಪಘಾತದಲ್ಲಿ ನುಜ್ಜುಗುಜ್ಜಾಗಿ, ಇನ್ಶೂರೆನ್ಸಿನವರು ಟೋಟಲ್ ಲಾಸ್ ಎಂದು ಕೈಬಿಟ್ಟ ಕಾರನ್ನು ಯಾರೋ ಮತ್ತೆ ಎಬ್ಬಿಸಿ ನಿಲ್ಲಿಸಿದ್ದರು. ಗೊತ್ತಿದ್ದೂ ಅಗ್ಗವೆಂದು ಕೊಂಡಿದ್ದೆ.

ಕಾರಿಗೆ ಎ.ಸಿ. ಇರಲಿಲ್ಲ. ಮುಂದೆ ನಾನೂ ಹೆಂಡತಿ ಜಲಜಾಳೂ ಬೆವರಿನಲ್ಲಿ ತೊಯ್ದುಹೋಗುತ್ತಿದ್ದರೆ, ಹಿಂದೆ ಕೂತ ಅಮ್ಮ ಶಾಲು ಹೊದ್ದುಕೊಳ್ಳುತ್ತಿದ್ದಳು. ಇಡೀ ಸೀಟು ಖಾಲಿಯಿದ್ದರೂ ಬಾಗಿಲಿಗೆ ಒತ್ತಿಕೊಂಡೇ ಕೂರುತ್ತಿದ್ದಳು.

“ಸರಿಯಾಗಿ ಕೂತ್ಕೊಳ್ಳಿ ಅತ್ತೆ, ಅಷ್ಟೊಂದು ಜಾಗ ಇದೆಯಲ್ಲ,” ಎಂದಳು ಜಲಜಾ.

“ಇರ್ಲಿ ಬಿಡೇ, ನಂಗಿಷ್ಟು ಸಾಕು.”

ಕಾರಿನ ಹಿಂಭಾಗ ಯಾಕೋ ತಗ್ಗಿದಂತಿತ್ತು. ಒಂದು ಮಧ್ಯಾಹ್ನ ಮೂವರೂ ಹೋಗಿ ಪೋರೂರಿನ ಮೆಕ್ಯಾನಿಕ್ ಏಳುಮಲೈಗೆ ತೋರಿಸಿದೆವು. ಅವನು ಕಾರಿನ ಅಡಿಗೆ ನುಸುಳಿ, ಹೊರಬಂದು ಕೈ ಒರೆಸಿಕೊಂಡ.

“ಇದು ರೆಂಡು ವಂಡಿ ಸಾರ್.”

ಮುಂದಿನರ್ಧ ಒಂದು ಕಾರಿನದು, ಹಿಂದಿನರ್ಧ ಇನ್ನೊಂದರದು, ನಡುವೆ ವೆಲ್ಡಿಂಗ್. ಸ್ಪ್ರಿಂಗು ಹೊಸದೇ, ಭಾರವೇ ಹೆಚ್ಚಾಗಿದೆ, ಅಮ್ಮನನ್ನು ಇಳಿಸಿ ಎಂದ.

ಅಮ್ಮ ಇಳಿದಳು. ಕಾರು ಒಂದು ಬೆರಳಷ್ಟು ಮೇಲೆದ್ದಿತು. ಏಳುಮಲೈ ಜಾಕ್ ಎತ್ತಿಕೊಳ್ಳಲು ಬಗ್ಗಿದವನು ಹಾಗೇ ನಿಂತ. ಅಮ್ಮ ಬಾಗಿಲು ಹಾಕಿರಲಿಲ್ಲ. ಅದನ್ನು ಹಿಡಿದುಕೊಂಡೇ, ದಾರಿ ಬಿಡುವವಳಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

ನಾವೆಲ್ಲ ನೋಡುತ್ತಿದ್ದಂತೆಯೇ ಕಾರು ಇನ್ನೂ ನಾಲ್ಕು ಬೆರಳು ಮೇಲೆದ್ದಿತು.

ಆಮೇಲೆ ಅಮ್ಮ ಬಾಗಿಲು ಹಾಕಿದಳು.