ತಲೆ ಇಟ್ಟ ದಿಕ್ಕು

ಮಹಾಬಲ ಐವರ್ನಾಡಿಗೆ ಎರಡನೆಯ ಸಲ ಬಂದದ್ದು ೧೯೬೨ರ ಜನವರಿಯಲ್ಲಿ. ಹೆಗಲಲ್ಲಿ ಅದೇ ಮಣ್ಣು ಕೊರೆಯುವ ಕೊಳವೆ ಇತ್ತು. ಮುಖದಲ್ಲಿ ಹೋದ ವರ್ಷದ ನಗು ಇರಲಿಲ್ಲ.

ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದ ಲೋಲಾಕ್ಷಿ ಗೆರಸೆ ಕೆಳಗಿಟ್ಟಳು. ವರ್ಷವಿಡೀ ಕಾದಿದ್ದವಳ ಬಾಯಿಂದ ಬಂದದ್ದು ಇಷ್ಟೇ: "ಆಸರಿಗೆ ಎಂತ ಕೊಡ್ಲಿ? ಬೆಲ್ಲ ನೀರಾ, ಮಜ್ಜಿಗೆಯಾ?"

"ಮಣ್ಣು ಬೇಕು. ಜೌಗಿನದ್ದು, ಇನ್ನೊಂದು ಸಲ."

"ಜೌಗು ಈಗ ಎಲ್ಲುಂಟು? ಅಪ್ಪ ಅಲ್ಲಿ ಕೆರೆ ತೋಡಿಸಿದ್ರು."

ಅವನು ಜಗಲಿಯಲ್ಲಿ ಕುಸಿದು ಕುಳಿತ.

ಪುತ್ತೂರು ಕಡೆಯ ಗೌಡರ ಹುಡುಗ, ಪುಣೆಯಲ್ಲಿ ಸಂಶೋಧನೆ. ಜೌಗಿನ ಕಪ್ಪು ಮಣ್ಣಿನಲ್ಲಿ ಹಳೇ ಕಾಲದ ಹೂಗಳ ಪರಾಗ ಕೊಳೆಯದೆ ಪದರ ಪದರವಾಗಿ ಉಳಿದಿರುತ್ತದೆ. ಅದನ್ನು ನೋಡಿ ಸಾವಿರಾರು ವರ್ಷ ಹಿಂದೆ ಇಲ್ಲಿ ಎಂತಹ ಕಾಡಿತ್ತು, ಎಷ್ಟು ಮಳೆ ಸುರಿಯುತ್ತಿತ್ತು ಎಂದು ಹೇಳುವುದು ಅವನ ಕೆಲಸ.

"ಮಳೆ ನೋಡ್ಲಿಕ್ಕೆ ಕೆಸರಿಗೆ ಇಳಿಯುದಾ? ಆಕಾಶ ನೋಡಿದ್ರೆ ಸಾಲದಾ?" ಎಂದು ಹೋದ ವರ್ಷ ಅವಳು ಕೆಣಕಿದ್ದಳು.

"ಹಳೇ ಮಳೆ ಆಕಾಶದಲ್ಲಿ ಸಿಗುದಿಲ್ಲ ಮಾರಾಯ್ತಿ" ಎಂದಿದ್ದ. ಆ 'ಮಾರಾಯ್ತಿ'ಯನ್ನು ಅವಳು ಒಂದು ವರ್ಷ ಜೋಪಾನ ಮಾಡಿದ್ದಳು.

"ಎಂತ ಆಯ್ತು?" ಈಗ ಮೆಲ್ಲಗೆ ಕೇಳಿದಳು.

"ಹೋದ ವರ್ಷದ ಮಣ್ಣಲ್ಲಿ ತಳಕ್ಕೆ, ಅಂದ್ರೆ ಹಳೇ ಕಾಲಕ್ಕೆ, ಭತ್ತದ ಗದ್ದೆ, ಮೇಲೆ ದಟ್ಟ ಮಳೆಕಾಡು ಅಂತ ಬಂತು. ಕಾಡು ಕಡಿದು ಗದ್ದೆ ಮಾಡುದಲ್ವಾ? ನಾನು ಸುಳ್ಳು ಬರೆದೆ ಅಂತಾರೆ ಪ್ರೊಫೆಸರು. ಈ ತಿಂಗಳೊಳಗೆ ಸರಿ ಮಾಡದಿದ್ರೆ ನನ್ನನ್ನು ಕಳಿಸಿಬಿಡ್ತಾರೆ."

ಲೋಲಾಕ್ಷಿಗೆ ಹೋದ ವರ್ಷದ ಆ ದಿನ ನೆನಪಾಯಿತು.

ಆ ದಿನ ಅವನು ಕೊರೆದು ತೆಗೆದ ಆಳುದ್ದದ ಮಣ್ಣನ್ನು, ತೋಟಕ್ಕೆ ನೀರು ಹಾಯಿಸುವ ಅಡಿಕೆ ಮರದ ಸೀಳು ದೋಣಿಯಲ್ಲಿ, ಅಂದರೆ ದಂಬೆಯಲ್ಲಿ, ಜಗಲಿಯ ಮೇಲೆ ಮಲಗಿಸಿದ್ದ. "ಉತ್ತರಕ್ಕಿರುದು ತಲೆ, ಅಂದ್ರೆ ಮೇಲಿನ ಮಣ್ಣು. ದಕ್ಷಿಣಕ್ಕಿರುದು ಕಾಲು, ತಳದ ಮಣ್ಣು" ಎಂದು ಹೇಳಿ ಡಬ್ಬಿ ತರಲು ಸುಳ್ಯಕ್ಕೆ ಹೋದ. ಸಂಜೆ ಬಂದವನು ಅದೇ ಲೆಕ್ಕದಲ್ಲಿ ತುಂಡು ಮಾಡಿ ನಂಬರು ಬರೆದ. ನಡುವೆ ನಡೆದದ್ದು ಅವಳಿಗೆ ಮಾತ್ರ ಗೊತ್ತು.

ಹೇಳಿದರೆ ಅವನ ಕಣ್ಣಲ್ಲಿ ಕೀಳಾಗುತ್ತಾಳೆ. ಹೇಳದಿದ್ದರೆ ಅವನ ಶ್ರಮವೆಲ್ಲ ಮಣ್ಣುಪಾಲು. ಅವಳಿಗೆ ಅಳು ಬಂತು, ಆದರೂ ಹೇಳಿದಳು.

"ದಂಬೆಯನ್ನು ನಾನು ತಿರುಗಿಸಿ ಇಟ್ಟಿದ್ದೆ."

"ಎಂತಕ್ಕೆ?"

"ನೀವೇ ತಲೆ ಅಂದ್ರಿ. ಉತ್ತರಕ್ಕೆ ತಲೆ ಹಾಕುದು ಹೆಣಕ್ಕೆ ಮಾತ್ರ. ನಿಮ್ಮ ಕೆಲಸಕ್ಕೆ ಕೆಟ್ಟದ್ದಾಗ್ಬಾರ್ದು ಅಂತ... ಒಂದೊಂದೇ ತುದಿ ಎತ್ತಿ ಸರಿಸಿದ್ದು. ಒಂದು ಚೂರೂ ಚೆಲ್ಲಲಿಲ್ಲ."

ಮಹಾಬಲ ಚೀಲದಿಂದ ಮಣ್ಣಿನ ಪದರಗಳ ನಕ್ಷೆ ತೆಗೆದ. ನೋಡಿದ. ಆಮೇಲೆ ಕಾಗದವನ್ನು ತಲೆಕೆಳಗು ಮಾಡಿ ಹಿಡಿದ. ಕಾಡು ಕೆಳಗೆ ಹೋಯಿತು, ಗದ್ದೆ ಮೇಲೆ ಬಂತು, ಮಳೆ ಮೆಲ್ಲ ಮೆಲ್ಲ ಕಡಿಮೆಯಾಗುತ್ತ ಬಂತು. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಸಿಟ್ಟಿಲ್ವಾ?"

"ಗುರುತು ಹಾಕದೆ ಹೋದದ್ದು ನನ್ನ ತಪ್ಪು. ನನ್ನ ಕೆಸರಿಗೂ ಕೆಟ್ಟದ್ದಾಗಬಾರದು ಅಂತ ನೋಡುವವಳ ಮೇಲೆ ಎಂತ ಸಿಟ್ಟು?" ಅವನು ದನಿ ತಗ್ಗಿಸಿದ. "ನಾನು ಬಂದದ್ದು ಮಣ್ಣಿಗೆ ಮಾತ್ರ ಅಲ್ಲ, ಲೋಲಾಕ್ಷಿ. ನಿಮ್ಮಪ್ಪನ ಹತ್ರ ಒಂದು ಮಾತು ಕೇಳ್ಲಿಕ್ಕುಂಟು. ಅದಕ್ಕೆ ಮೊದಲು ನಿನ್ನ ಮನಸ್ಸು ಗೊತ್ತಾಗ್ಬೇಕು."

ಅವಳು ಗೆರಸೆ ಎತ್ತಿಕೊಂಡು ಒಳಗೆ ಹೋದಳು. ಊಟಕ್ಕೆ ಬಡಿಸುವಾಗಲೂ ತಲೆ ಎತ್ತಲಿಲ್ಲ. ಅಪ್ಪ ಕುಕ್ಕಪ್ಪಗೌಡರು ಕೆರೆಯ ಸುದ್ದಿ ಹೇಳುತ್ತಿದ್ದರೆ ಮಹಾಬಲ ಅನ್ನ ಕಲಸುತ್ತಲೇ ಇದ್ದ.

ಊಟವಾದ ಮೇಲೆ ಅವಳು ಜಗಲಿಗೆ ಚಾಪೆ ತಂದು ಹಾಸಿದಳು. ದಿಂಬನ್ನು ದಕ್ಷಿಣದ ತುದಿಗೆ ಇಟ್ಟಳು.

"ಹೋದ ವರ್ಷ ಪೂರ್ವಕ್ಕೆ ಇಟ್ಟಿದ್ದೆಯಲ್ಲ?" ಎಂದ.

ಲೋಲಾಕ್ಷಿ ದಿಂಬನ್ನು ಎರಡು ಸಲ ತಟ್ಟಿ ಸರಿ ಮಾಡಿದಳು. ಕೆನ್ನೆ ಕೆಂಪಾಗಿತ್ತು.

"ಆಗ ನೀವು ನೆಂಟರು. ಮಾವನ ಮನೆಯಲ್ಲಿ ದಕ್ಷಿಣಕ್ಕೆ ತಲೆ ಹಾಕ್ಬೇಕು ಅಂತ ನಮ್ಮ ದುಗ್ಗಮ್ಮಜ್ಜಿ ಹೇಳುದು."